ಲೆಕ್ಕದ ಕೀಲಿ ಯಾರ ಕೈಯಲ್ಲಿದೆ?

'ಬಿ.ಕಾಂ ಓದ್ತಿದ್ದೀಯಲ್ಲ, ನಮ್ಮ ಅಂಗಡಿ ಲೆಕ್ಕಕ್ಕೆ ಯಾವ ಸಾಫ್ಟ್‌ವೇರ್ ಒಳ್ಳೇದು ಹೇಳು' ಎಂದು ಶಿರಸಿಯಲ್ಲಿ ಹಾರ್ಡ್‌ವೇರ್ ಅಂಗಡಿ ಇಟ್ಟಿರುವ ಸೋದರಮಾವ ಕೇಳಿದಾಗ ನಾನು ಯೋಚಿಸಲೇ ಇಲ್ಲ. 'ಈಗೆಲ್ಲ ಆನ್‌ಲೈನ್ ಮಾವ' ಎಂದುಬಿಟ್ಟೆ.

ಹಾಗೆ ಹೇಳಲು ಕಾರಣವೂ ಇತ್ತು. ಹಿಂದಿನ ವರ್ಷ ಅಂಗಡಿಯ ಕಂಪ್ಯೂಟರಿನ ಹಾರ್ಡ್ ಡಿಸ್ಕ್ ಕೈಕೊಟ್ಟು ಮೂರು ತಿಂಗಳ ಲೆಕ್ಕ ಹೋಗಿತ್ತು. ಬ್ಯಾಕಪ್ ಇತ್ತು, ಅದೇ ಡಿಸ್ಕಿನ ಇನ್ನೊಂದು ಫೋಲ್ಡರಿನಲ್ಲಿ! ದಸರಾ ರಜೆಯೆಲ್ಲ ನಾನೂ ಅತ್ತೆಯೂ ಬಿಲ್ ಪುಸ್ತಕ ಹರವಿಕೊಂಡು ಒಂದೊಂದೇ ಮತ್ತೆ ಟೈಪ್ ಮಾಡಿದ್ದೆವು.

ಏಪ್ರಿಲ್ 1ರಿಂದ ಆನ್‌ಲೈನ್ ಲೆಕ್ಕ ಶುರುವಾಯಿತು. ಜುಲೈ ಮಳೆಯಲ್ಲಿ ಎರಡು ದಿನ ನೆಟ್ ಇಲ್ಲ. ಬಾಕಿ ತೀರಿಸಲು ಹಣ ಹಿಡಿದು ಬಂದ ಮೇಸ್ತ್ರಿ 'ನಂದು ಉದ್ರಿ ಎಷ್ಟಿದೆ?' ಎಂದರೆ ಹೇಳಲಾಗುತ್ತಿಲ್ಲ. 20ನೇ ತಾರೀಕಿನೊಳಗೆ ಜಿಎಸ್‌ಟಿಆರ್-3ಬಿ ಸಲ್ಲಿಸಬೇಕು, ತಡವಾದರೆ ತೆರಿಗೆ ಇರುವವರಿಗೆ ದಿನಕ್ಕೆ 50 ರೂಪಾಯಿ ಶುಲ್ಕ, ಮೇಲೆ ಬಡ್ಡಿ. ಸಲ್ಲಿಸಲು ಹೇಗೂ ನೆಟ್ ಬೇಕು ನಿಜ. ಆದರೆ ಕಟ್ಟಬೇಕಾದ ತೆರಿಗೆ ಎಷ್ಟೆಂದು ಕೂಡಿ ನೋಡಲೂ ಆಗಲಿಲ್ಲ. ಮಾವ ಬೈಯಲಿಲ್ಲ. 'ಅಲ್ಲ ಮಾರಾಯ್ತಿ, ನಮ್ಮ ಅಂಗಡಿ ಲೆಕ್ಕ ನೋಡೋಕೆ ಮಳೆ ನಿಲ್ಲೋ ತನಕ ಕಾಯಬೇಕಾ?' ಎಂದರಷ್ಟೆ. ನನಗೆ ಉತ್ತರ ಹೊಳೆಯಲಿಲ್ಲ.

ಹಾಗಂತ ಆನ್‌ಲೈನ್ ಕೆಟ್ಟದ್ದೆಂದು ನಾನು ಹೇಳುವುದಿಲ್ಲ. ಗೆಳತಿಯ ಅಕ್ಕ ಹುಬ್ಬಳ್ಳಿಯ ಮನೆಯಿಂದಲೇ ಇಳಕಲ್ ಸೀರೆ ಮಾರುತ್ತಾಳೆ. ಅವಳ ಬಳಿ ಕಂಪ್ಯೂಟರೇ ಇಲ್ಲ. ಫೋನಿನಲ್ಲೇ ಬಿಲ್ ಮಾಡುತ್ತಾಳೆ, ಆಡಿಟರ್ ತಮ್ಮ ಆಫೀಸಿನಲ್ಲೇ ಕೂತು ಲೆಕ್ಕ ನೋಡುತ್ತಾರೆ. ಅವಳಿಗೆ ಅದೇ ಸರಿ. ಒಂದೇ ಕೌಂಟರ್, ಒಂದೇ ಕಂಪ್ಯೂಟರ್, ಮಳೆಗಾಲದಲ್ಲಿ ನೆಟ್ಟಿನ ನೆಚ್ಚಿಕೆಯಿಲ್ಲದ ಮಾವನ ಅಂಗಡಿಗೆ ಡೆಸ್ಕ್‌ಟಾಪೇ ಸರಿ. ಲೆಕ್ಕ ಬರೆಯುವವರು ಯಾರು, ಎಲ್ಲಿ ಕೂತು ಬರೆಯುತ್ತಾರೆ, ಎಷ್ಟು ಜನ ನೋಡಬೇಕು ಎಂದು ಕೇಳದೆ ಸಲಹೆ ಕೊಟ್ಟದ್ದು ನನ್ನ ತಪ್ಪು.

ಎರಡರಲ್ಲಿ ಯಾವುದಾದರೂ ಇರಲಿ, ಲೆಕ್ಕದ ಒಂದು ಪ್ರತಿ ಮಾಲೀಕರ ಕೈಯಲ್ಲಿರಲೇಬೇಕು. ಡೆಸ್ಕ್‌ಟಾಪ್ ಆದರೆ ದಿನಾ ಸಂಜೆ ಪೆನ್‌ಡ್ರೈವ್‌ಗೆ, ಆನ್‌ಲೈನ್ ಆದರೆ ತಿಂಗಳ ಕೊನೆಗೆ ಡೌನ್‌ಲೋಡ್. ವಾರ್ಷಿಕ ರಿಟರ್ನ್‌ನ ಕೊನೆಯ ದಿನದಿಂದ 72 ತಿಂಗಳು ಲೆಕ್ಕಪತ್ರ ಕಾಯ್ದಿಡಬೇಕು ಎನ್ನುತ್ತದೆ ಜಿಎಸ್‌ಟಿ ಕಾನೂನು. ಚಂದಾ ಮುಗಿದು ಖಾತೆ ಮುಚ್ಚಿತೆಂದರೆ ಅಧಿಕಾರಿ ಒಪ್ಪುತ್ತಾರೆಯೇ? ಲಾಗಿನ್ ಯಾರ ಮೊಬೈಲ್ ನಂಬರಿನಲ್ಲಿದೆ ಎಂಬುದನ್ನೂ ನೋಡಬೇಕು. ಲೆಕ್ಕ ಬರೆಯುವ ಹುಡುಗನ ನಂಬರಿನಲ್ಲಿದ್ದರೆ, ಅವನು ಕೆಲಸ ಬಿಟ್ಟ ದಿನವೂ ಒಟಿಪಿ ಅವನಿಗೇ ಹೋಗುತ್ತದೆ.

ನಮ್ಮಲ್ಲಿ ಬಹಳಷ್ಟು ಮಂದಿಯ ಮೊದಲ ಕೆಲಸ ಇಂಥದೇ ಅಂಗಡಿಯಲ್ಲೋ ಆಡಿಟರ್ ಆಫೀಸಿನಲ್ಲೋ ಸಿಗುವುದು. 'ಟ್ಯಾಲಿ ಗೊತ್ತಿರಬೇಕು' ಎಂಬ ಜಾಹೀರಾತು ನೋಡಿ ಕೋರ್ಸ್ ಸೇರುತ್ತೇವೆ. ಎಫ್8 ಒತ್ತಿದರೆ ಮಾರಾಟ, ಎಫ್9 ಒತ್ತಿದರೆ ಖರೀದಿ ಎಂದು ಕಲಿಯುತ್ತೇವೆ. ಅದು ಬೇಕು, ಆದರೆ ಸಾಲದು. ಸಲಹೆ ಕೊಡುವ ಮೊದಲು ಒಂದು ದಿನ ಆ ಅಂಗಡಿಯ ಗಲ್ಲಾಪೆಟ್ಟಿಗೆ ಪಕ್ಕ ಸುಮ್ಮನೆ ಕೂತು ನೋಡಿ.

ಮಾವ ಈಗ ಡೆಸ್ಕ್‌ಟಾಪಿಗೇ ಮರಳಿದ್ದಾರೆ. ಸಂಜೆ ಬಾಗಿಲು ಹಾಕಿ ಮನೆಗೆ ಹೊರಡುವಾಗ ಅಂಗಡಿಯ ಕೀಲಿಗೊಂಚಲಿನಲ್ಲಿ ಪೆನ್‌ಡ್ರೈವೂ ನೇತಾಡುತ್ತಿರುತ್ತದೆ.