ಮರಳಾಟದ ಮಾತು

ಉಳ್ಳಾಲದ ಕಡಲ ಬದಿಯಲ್ಲಿ ಮಕ್ಕಳು ಮರಳಿನ ಮನೆ ಕಟ್ಟುತ್ತಾರೆ. ತೆರೆ ಬಂದು ಕೆಡವಿದರೆ ಮತ್ತೆ ಕಟ್ಟುತ್ತಾರೆ. ಕಡಲ್ಕೊರೆತಕ್ಕೆ ನಿಜವಾದ ಮನೆಗಳೇ ಬಿದ್ದದ್ದನ್ನು ಕಂಡ ಮಗುವಿಗೆ ಇದು ಬರೀ ಆಟವಲ್ಲದೆ ಇರಬಹುದು. ಬಾಯಿಗೆ ಬಾರದ ಭಯವನ್ನು ಅದರ ಕೈಗಳು ಹೇಳುತ್ತಿರಬಹುದು.

ಇದನ್ನರಿತೇ ಲಂಡನ್ನಿನ ವೈದ್ಯೆ ಮಾರ್ಗರೆಟ್ ಲೋವೆನ್‌ಫೆಲ್ಡ್ 1920ರ ದಶಕದ ಕೊನೆಗೆ ಮರಳಿನ ತಟ್ಟೆ, ಪುಟ್ಟ ಗೊಂಬೆಗಳನ್ನು ಚಿಕಿತ್ಸೆಗೆ ತಂದರು. 1947ರಲ್ಲಿ ಅಮೆರಿಕದ ವರ್ಜೀನಿಯಾ ಆಕ್ಸ್‌ಲೈನ್ ಆಟದ ಚಿಕಿತ್ಸೆಗೆ ಎಂಟು ಸೂತ್ರಗಳನ್ನು ಬರೆದರು. ಮಗು ಮುಂದೆ, ಚಿಕಿತ್ಸಕರು ಹಿಂದೆ. ಅವಸರ ಸಲ್ಲದು ಎಂಬುದು ಅವುಗಳ ತಿರುಳು.

ಕೇಳಲು ಸುಲಭ, ಮಾಡಲು ಕಷ್ಟ. “ಹಾಗಲ್ಲ, ಹೀಗೆ ಕಟ್ಟು” ಎನ್ನದೆ ನಾಲಿಗೆ ಬಿಗಿಹಿಡಿಯಲು, ಒಂದೇ ಆಟ ನೋಡಿ ತೀರ್ಮಾನಕ್ಕೆ ಬಾರದಿರಲು ಅನುಭವಿಗಳ ಕೈಕೆಳಗೆ ಪಳಗಬೇಕು. ಈ ದಾರಿ ಹಿಡಿಯುವ ವಿದ್ಯಾರ್ಥಿಗಳು ಮೊದಲು ಮನಶ್ಶಾಸ್ತ್ರದ ಬುನಾದಿ ಗಟ್ಟಿಮಾಡಿಕೊಳ್ಳಲಿ. ಎರಡು ದಿನದ ಶಿಬಿರದ ಪ್ರಮಾಣಪತ್ರವೊಂದೇ ಸಾಲದು.

ಪಾಲಕರೂ ಅಷ್ಟೆ. ಗೊಂಬೆ ತುಂಬಿದ ಕೋಣೆ ನೋಡಿ ಮರುಳಾಗದೆ, ಚಿಕಿತ್ಸಕರು ಎಲ್ಲಿ ಕಲಿತವರು, ಯಾರ ಮಾರ್ಗದರ್ಶನದಲ್ಲಿ ಪಳಗಿದವರು ಎಂದು ಸಂಕೋಚವಿಲ್ಲದೆ ಕೇಳಿ. ದೇರಳಕಟ್ಟೆಯ ವೈದ್ಯಕೀಯ ಕಾಲೇಜುಗಳಲ್ಲಿ ಮನೋವೈದ್ಯ ವಿಭಾಗಗಳಿವೆ. ಮೊದಲ ಸಲಹೆಗೆ ದೂರ ಹೋಗಬೇಕಿಲ್ಲ. ಮನೆಯಲ್ಲಿ ಮಾತ್ರ ದಿನಕ್ಕೆ ಅರ್ಧ ಗಂಟೆ, ಏನನ್ನೂ ಕಲಿಸದೆ, ಮಗುವಿನ ಆಟದ ಪಕ್ಕ ಸುಮ್ಮನೆ ಕೂತು ನೋಡಿ.