ಇಪ್ಪತ್ತೊಂದು ದಿನದ ಸಂಬಳ



ಹೋದ ವಾರ ಐದನೇ ತರಗತಿಯ ಹುಡುಗನೊಬ್ಬ ಪತ್ರ ಬರೆದಿದ್ದ. “ತಾತ, ಕೊರೊನಾ ಬಂದಾಗ ನಾನು ತುಂಬಾ ಚಿಕ್ಕವನು. ಆಗ ಎಲ್ಲರೂ ಮನೇಲೇ ಇರ್ತಿದ್ರಂತೆ. ಮಜಾ ಇತ್ತಾ?” ಎಂದು ಕೇಳಿದ್ದಾನೆ.

ನಿಜ ಹೇಳಬೇಕೆಂದರೆ ನಮ್ಮ ಮನೆಯಲ್ಲಿ ಮಜಾ ಇತ್ತು ಕಣಪ್ಪ. ಮಗ ಮಲಗುವ ಕೋಣೆಯನ್ನೇ ಆಫೀಸು ಮಾಡಿಕೊಂಡಿದ್ದ. ಮೊಮ್ಮಗಳು ಪುಟ್ಟಿ ಪರೀಕ್ಷೆಯಿಲ್ಲದೆ ಮೂರನೇ ಕ್ಲಾಸಿನಿಂದ ನಾಲ್ಕನೆಯದಕ್ಕೆ ಪಾಸಾಗಿದ್ದಳು. ಮಧ್ಯಾಹ್ನ ಊಟವಾದ ಮೇಲೆ ಚೌಕಾಬಾರ, ಸಂಜೆ ಮಹಡಿಯ ಮೇಲೆ ವಾಕಿಂಗು. ಮೈಸೂರಿನಲ್ಲಿ ಅಷ್ಟು ಹಕ್ಕಿಗಳಿವೆ ಎಂದು ನನಗೆ ಗೊತ್ತಾಗಿದ್ದೇ ಆಗ. ಆದರೆ ಆ ದಿನಗಳ ನನ್ನ ಖರ್ಚಿನ ಪುಸ್ತಕದಲ್ಲಿ ಒಂದು ಪುಟ ಇದೆ. ಇವತ್ತು ಅದನ್ನು ತೆಗೆದಿಡುತ್ತೇನೆ.

2020ರ ಮಾರ್ಚ್ 22, ಭಾನುವಾರ. ಅವತ್ತು ಜನತಾ ಕರ್ಫ್ಯೂ. ಸಂಜೆ ಐದಕ್ಕೆ ಎಲ್ಲರೂ ಬಾಗಿಲಿಗೆ ಬಂದು ಡಾಕ್ಟರು, ನರ್ಸು, ಪೌರಕಾರ್ಮಿಕರಿಗೆ ಚಪ್ಪಾಳೆ ತಟ್ಟಿದೆವು. ಪುಟ್ಟಿ ಸೌಟಿನಿಂದ ತಟ್ಟೆ ಬಡಿದಳು. ಹಿಂದಿನ ದಿನ ನಮ್ಮ ಮನೆಗೆಲಸದ ಆಕೆ ತೊಳೆದಿಟ್ಟು ಹೋಗಿದ್ದ ತಟ್ಟೆ ಅದು. ಮಾರನೆಯ ದಿನದಿಂದ ಆಕೆ ಬರಲಿಲ್ಲ. ಬರಬಾರದೆಂದು ನಮ್ಮ ಬೀದಿಯ ವಾಟ್ಸಾಪ್ ಗುಂಪಿನಲ್ಲಿ ತೀರ್ಮಾನವಾಗಿತ್ತು. ರೋಗ ಬಂದದ್ದು ಹೊರದೇಶದಿಂದ, ವಿಮಾನ ಹತ್ತಿ. ಆದರೂ ನಾವು ಮೊದಲು ಬಾಗಿಲು ಹಾಕಿದ್ದು ನಡೆದು ಬರುವವರಿಗೆ.

24ರ ರಾತ್ರಿ ಎಂಟು ಗಂಟೆಗೆ ಪ್ರಧಾನಿಗಳು ಟಿವಿಯಲ್ಲಿ ಬಂದು ಇಪ್ಪತ್ತೊಂದು ದಿನ ಇಡೀ ದೇಶ ಬಂದ್ ಎಂದರು. ಮಾರನೆಯ ದಿನ ಯುಗಾದಿ. ಬೇವಿನ ಸೊಪ್ಪು ಪಕ್ಕದ ಮನೆಯ ಮರದಿಂದ ಬಂತು, ಬೆಲ್ಲ ಡಬ್ಬಿಯಲ್ಲಿತ್ತು, ಹೋಳಿಗೆಯೂ ಆಯಿತು. ಪ್ರತಿ ಯುಗಾದಿಗೆ ಆಕೆಗೆ ಒಂದು ಸೀರೆ, ಡಬ್ಬಿಯಲ್ಲಿ ಹೋಳಿಗೆ ಕೊಡುವುದು ನಮ್ಮಲ್ಲಿ ರೂಢಿ. ಆ ಸಲ ಯಾರಿಗೂ ನೆನಪಾಗಲಿಲ್ಲ.

ತಿಂಗಳ ಕೊನೆಗೆ ಖರ್ಚಿನ ಪುಸ್ತಕ ತೆಗೆದೆ. ನಾನು ಬಿ.ಕಾಂ., ಮೂವತ್ತಾರು ವರ್ಷ ಬ್ಯಾಂಕಿನಲ್ಲಿ ಗುಮಾಸ್ತ. ಲೆಕ್ಕ ಎಂದರೆ ಲೆಕ್ಕ. ಆಕೆಯ ಸಂಬಳ 1,500 ರೂಪಾಯಿ. ಬಂದದ್ದು 21ನೇ ತಾರೀಖಿನವರೆಗೆ. 1,500ನ್ನು 31ರಿಂದ ಭಾಗಿಸಿ 21ರಿಂದ ಗುಣಿಸಿದೆ. 1,016 ರೂಪಾಯಿ 13 ಪೈಸೆ ಬಂತು. ಪೈಸೆ ಬಿಟ್ಟು, 1,016 ಎಂದು ಬರೆದೆ.

ಮನಸ್ಸಿಗೆ ಏನೂ ಅನ್ನಿಸಲಿಲ್ಲ. ನಾವು ಮುಷ್ಕರ ಮಾಡಿದ ದಿನ ಬ್ಯಾಂಕೂ ನಮ್ಮ ಸಂಬಳ ಹಿಡಿಯುತ್ತಿತ್ತು. ಕೆಲಸವಿಲ್ಲದ ದಿನ ಸಂಬಳವಿಲ್ಲ, ನಿಯಮ ಎಲ್ಲರಿಗೂ ಒಂದೇ ಎಂದುಕೊಂಡೆ. ಮುಷ್ಕರಕ್ಕೆ ಹೋದದ್ದು ನಾವಾಗಿ, ಆಕೆಯನ್ನು ಬರಬೇಡ ಎಂದದ್ದು ನಾವೇ ಎನ್ನುವ ವ್ಯತ್ಯಾಸ ಆಗ ಹೊಳೆಯಲಿಲ್ಲ. ಕೆಲಸಕ್ಕೆ ಬರಲಾಗದವರ ಸಂಬಳ ಕತ್ತರಿಸಬೇಡಿ ಎಂದು ಪ್ರಧಾನಿಗಳು ಮಾರ್ಚ್ 19ರ ಭಾಷಣದಲ್ಲೇ ಕೇಳಿಕೊಂಡಿದ್ದರು, ಅದನ್ನು ನಾನೂ ಕೇಳಿದ್ದೆ. 29ರಂದು ಕೇಂದ್ರದಿಂದ ಆದೇಶವೂ ಬಂತು. ಅದರಲ್ಲಿ ಇದ್ದದ್ದು ಕಾರ್ಖಾನೆ, ಅಂಗಡಿ, ವ್ಯಾಪಾರ ಸಂಸ್ಥೆಗಳ ಮಾತು. ಪಾತ್ರೆ ತೊಳೆಯುವವರ ಹೆಸರು ಇರಲಿಲ್ಲ. ಗುಮಾಸ್ತನಿಗೆ ಅಷ್ಟು ಸಂದು ಸಿಕ್ಕರೆ ಸಾಕಲ್ಲ!

ಏಪ್ರಿಲ್ 1ರಂದು ಆಕೆಯ ಮಗ ನಡೆದುಕೊಂಡು ಬಂದ. ಆಟೋ ಓಡಿಸುವ ಹುಡುಗ, ಆಟೋ ಮನೆ ಮುಂದೆ ನಿಂತಿತ್ತು. ಗೇಟಿನ ಮೇಲಿಂದ ಲಕೋಟೆ ಕೊಟ್ಟೆ. ಅವನು ಎಣಿಸಲಿಲ್ಲ. “ಬರ್ತೀನಿ ಸಾರ್” ಅಂದು ಹೋದ.

ಪುಟ್ಟಿ ಪಕ್ಕದಲ್ಲೇ ನಿಂತು ಎಲ್ಲ ನೋಡುತ್ತಿದ್ದಳು. ಸಂಜೆ ನಾನು ಮೊಬೈಲಿನಲ್ಲಿ ಪಿಂಚಣಿ ಜಮಾ ಆಗಿರುವುದನ್ನು ನೋಡುತ್ತಿದ್ದಾಗ ಕೇಳಿದಳು.

“ತಾತ, ಅಕ್ಕ ಕೆಲಸಕ್ಕೆ ಬರಲಿಲ್ಲ, ಅದಕ್ಕೇ ದುಡ್ಡು ಕಮ್ಮಿ ಅಲ್ವಾ? ನೀನೂ ಎಲ್ಲೂ ಹೋಗಲ್ವಲ್ಲ. ನಿನಗೆ ಮಾತ್ರ ಯಾಕೆ ಪೂರ್ತಿ ಬರುತ್ತೆ?”

“ನಾನು ಮೂವತ್ತಾರು ವರ್ಷ ದುಡಿದಿದ್ದೀನಿ ಪುಟ್ಟಿ. ಅದಕ್ಕೆ ಬರುತ್ತೆ.”

“ಅಕ್ಕ ಎಷ್ಟು ವರ್ಷ ದುಡಿದಿದ್ದಾರೆ?”

ನನಗೆ ಗೊತ್ತಿರಲಿಲ್ಲ. ನಮ್ಮ ಮನೆಗೆ ಬರಲು ಶುರುಮಾಡಿ ಒಂಬತ್ತು ವರ್ಷವಾಗಿತ್ತು, ಅದರ ಹಿಂದಿನದನ್ನು ನಾನು ಕೇಳಿರಲೇ ಇಲ್ಲ.

3ನೇ ತಾರೀಖು ಸಂಜೆ ಆಕೆಯದೇ ಫೋನು ಬಂತು. “ಸಾರ್, ನೀವು ಬ್ಯಾಂಕಿನೋರಲ್ವಾ, ಒಂದು ಮಾತು ಕೇಳ್ಬೇಕಿತ್ತು.” ಜನಧನ ಖಾತೆಯಿರುವ ಹೆಂಗಸರಿಗೆ ಮೂರು ತಿಂಗಳು ತಲಾ 500 ರೂಪಾಯಿ ಹಾಕುತ್ತೇವೆ ಎಂದು ಕೇಂದ್ರ ಹೇಳಿತ್ತು. ನೂಕುನುಗ್ಗಲಾಗದಿರಲಿ ಎಂದು ಖಾತೆ ಸಂಖ್ಯೆಯ ಕೊನೆಯ ಅಂಕಿ ನೋಡಿ ದಿನ ಗೊತ್ತುಮಾಡಿದ್ದರು. ಕೊನೆಯ ಅಂಕಿ 0 ಅಥವಾ 1 ಇದ್ದವರಿಗೆ ಏಪ್ರಿಲ್ 3, 2 ಅಥವಾ 3 ಇದ್ದವರಿಗೆ 4, ಹೀಗೆ 9ನೇ ತಾರೀಖಿನವರೆಗೆ. ಈ ಅಂಕಿಯ ವಿಷಯ ಆಕೆಗೆ ಯಾರೂ ಹೇಳಿರಲಿಲ್ಲ. ಬಸ್ಸಿಲ್ಲ. ಬೆಳಿಗ್ಗೆಯೇ ನಡೆದು ಹೋಗಿ, ಸುಣ್ಣದಲ್ಲಿ ಬರೆದ ವೃತ್ತದೊಳಗೆ ಬಿಸಿಲಲ್ಲಿ ನಿಂತು, ಸರದಿ ಬಂದಾಗ ಇವತ್ತು ನಿಮ್ಮದಲ್ಲ ಎನ್ನಿಸಿಕೊಂಡು ವಾಪಸ್ ಬಂದಿದ್ದರು.

ಪಾಸ್‌ಬುಕ್ ತರಿಸಿ ಕೊನೆಯ ಅಂಕಿ ಓದಿಸಿದೆ. ಏಳು. ಅಂದರೆ ಏಪ್ರಿಲ್ 8.

“ಅವತ್ತು ತೆಗೀದಿದ್ರೆ ಸರ್ಕಾರ ವಾಪಸ್ ತಗೊಂಡ್ಬಿಡುತ್ತಂತೆ, ಹೌದಾ ಸಾರ್?”

ಆಗ ಊರೂರಲ್ಲಿ ಹಬ್ಬಿದ್ದ ಸುಳ್ಳು ಅದು. ಕೇಂದ್ರದವರೇ ಆಮೇಲೆ ಹಾಗಿಲ್ಲ ಎಂದು ತಿಳಿಸಬೇಕಾಯಿತು. ನಾನು ಕೌಂಟರಿನ ಹಿಂದೆ ಕೂತವನ ಹಾಗೆ ಗಂಭೀರವಾಗಿ ಹೇಳಿದೆ: “ಖಾತೆಗೆ ಬಿದ್ದ ದುಡ್ಡು ಎಲ್ಲೂ ಹೋಗಲ್ಲಮ್ಮ. ಆ ಗುಂಪಿನಲ್ಲಿ ಹೋಗಿ ನಿಲ್ಲಬೇಡ. ಒಂಬತ್ತು ಕಳೀಲಿ, ಯಾವತ್ತು ಬೇಕಾದ್ರೂ ತೆಗೀಬಹುದು.”

ಆ ಕಡೆ ಸ್ವಲ್ಪ ಹೊತ್ತು ಮಾತಿಲ್ಲ. ಆಮೇಲೆ, “ಇಲ್ಲ ಸಾರ್, ಎಂಟಕ್ಕೇ ಹೋಗ್ತೀನಿ. ಮನೇಲಿ ದುಡ್ಡಿಲ್ಲ” ಅಂದರು. ರೇಷನ್ ಅಕ್ಕಿ ಇತ್ತಂತೆ. ಗ್ಯಾಸು, ಎಣ್ಣೆ, ಮಗನ ಆಟೋ ಸಾಲದ ಕಂತು, ಇವಕ್ಕೆ ಅಕ್ಕಿ ಆಗುವುದಿಲ್ಲವಲ್ಲ. ಕೆಲಸ ಮಾಡುತ್ತಿದ್ದ ನಾಲ್ಕು ಮನೆಗಳಲ್ಲಿ ಒಂದು ಮನೆಯವರು ಪೂರ್ತಿ ಸಂಬಳ ಕೊಟ್ಟಿದ್ದರು. ಎರಡು ಮನೆಯವರು ಫೋನೇ ಎತ್ತಿರಲಿಲ್ಲ. ನಾಲ್ಕನೆಯದು ನಮ್ಮದು. ಅದರ ಬಗ್ಗೆ ಆಕೆ ಏನೂ ಹೇಳಲಿಲ್ಲ.

“ಕೇಳು ತಾತ, ಕೇಳು” ಎಂದು ಪುಟ್ಟಿ ಅಂಗಿ ಜಗ್ಗುತ್ತಿದ್ದಳು. ಕೇಳಿದೆ. ಎಷ್ಟು ವರ್ಷದಿಂದ ಮನೆಗೆಲಸ ಮಾಡ್ತಿದ್ದೀಯಮ್ಮ?

“ಹತ್ತು ವರ್ಷದೋಳಿದ್ದಾಗ ಅವ್ವನ ಜತೆ ಹೋಗೋಕೆ ಶುರು ಮಾಡ್ದೆ ಸಾರ್. ಈಗ ಐವತ್ತು.”

ಫೋನಿಟ್ಟ ಮೇಲೆ ಪುಟ್ಟಿ ಬೆರಳು ಎಣಿಸಿ, “ನಲವತ್ತು! ನಿನಗಿಂತ ನಾಲ್ಕು ಜಾಸ್ತಿ” ಅಂದಳು.

ಮಕ್ಕಳೇ, ಇಲ್ಲಿ ಒಂದು ವಿಷಯ ಹೇಳಬೇಕು. ನನ್ನ ಪಿಂಚಣಿ ಯಾರೂ ಕರೆದು ಕೊಟ್ಟದ್ದಲ್ಲ. ನಾನು 1975ರಲ್ಲಿ ಕೆಲಸಕ್ಕೆ ಸೇರಿದಾಗ ನಮಗೆ ಪಿಂಚಣಿ ಇರಲೇ ಇಲ್ಲ. ನೌಕರರ ಸಂಘಗಳು ವರ್ಷಗಟ್ಟಲೆ ಕೇಳಿ, ಕೂತು ಮಾತಾಡಿ, 1993ರಲ್ಲಿ ಒಪ್ಪಂದವಾಯಿತು, 1995ರಲ್ಲಿ ನಿಯಮ ಬಂತು. ನಾವು ಸಾವಿರಾರು ಜನ ಒಟ್ಟಿಗೆ ಇದ್ದೆವು, ಅದಕ್ಕೆ ಸಿಕ್ಕಿತು. ಆಕೆ ನಾಲ್ಕು ಮನೆಗಳಲ್ಲಿ ಒಬ್ಬರೇ ಕೆಲಸ ಮಾಡುವವರು. ಯಾರ ಜೊತೆ ಸೇರಿ ಯಾರನ್ನು ಕೇಳಬೇಕು?

ರಾತ್ರಿ ಮತ್ತೆ ಪುಸ್ತಕ ತೆಗೆದೆ. 1,500ರಲ್ಲಿ 1,016 ಕಳೆದರೆ 484. ನಾನು ಹಿಡಿದಿಟ್ಟದ್ದು ಅಷ್ಟು. ಆಕೆ ಎರಡನೇ ಸಲ ನಡೆದು ಹೋಗಿ ಬಿಸಿಲಲ್ಲಿ ನಿಲ್ಲಬೇಕಾಗಿದ್ದದ್ದು ಅದಕ್ಕಿಂತ ಹದಿನಾರೇ ರೂಪಾಯಿ ಹೆಚ್ಚಿನ ಮೊತ್ತಕ್ಕೆ. ಬ್ಯಾಂಕಿನಲ್ಲಿ ತಪ್ಪು ಬರೆದರೆ ಅಳಿಸುವಂತಿಲ್ಲ. ಒಂದೇ ಗೆರೆ ಎಳೆದು, ಸರಿಯಾದ ಅಂಕಿ ಬರೆದು, ಪಕ್ಕದಲ್ಲಿ ಚಿಕ್ಕ ಸಹಿ ಹಾಕಬೇಕು. ಹಾಗೇ ಮಾಡಿದೆ. ನಮ್ಮಾಕೆ ಎದುರು ಕೂತು ನೋಡುತ್ತಿದ್ದಳು. “ನನ್ನನ್ನು ಒಂದು ಮಾತು ಕೇಳಿದ್ದರೆ ಆವತ್ತೇ ಪೂರ್ತಿ ಕೊಡಿ ಅಂತಿದ್ದೆ” ಅಂದಳು. ಕೇಳಿರಲಿಲ್ಲ, ನಿಜ. ಲೆಕ್ಕ ನನ್ನ ಇಲಾಖೆ ಎಂಬ ಜಂಬ.

ಮಾರನೆಯ ದಿನ ಆಕೆಯ ಮಗನನ್ನು ಕರೆಸಿ ಬಾಕಿ 484, ಏಪ್ರಿಲ್ ತಿಂಗಳ ಸಂಬಳ, ಯುಗಾದಿ ಸೀರೆಯ ದುಡ್ಡು ಕೊಟ್ಟೆವು. ಆಕೆ ಎಂಟನೇ ತಾರೀಖು ಬ್ಯಾಂಕಿಗೂ ಹೋದರಂತೆ. ನನ್ನ ಮಾತಿನ ಮೇಲೆ ಪೂರ್ತಿ ನಂಬಿಕೆ ಬರಲಿಲ್ಲವೇನೋ. ತಪ್ಪೇನಿಲ್ಲ ಬಿಡಿ. ಜೂನ್‌ನಲ್ಲಿ ಆಕೆ ಮತ್ತೆ ಕೆಲಸಕ್ಕೆ ಬಂದರು, ಉಳಿದ ಎರಡು ಮನೆಯವರು ಬೇರೆಯವರನ್ನು ಇಟ್ಟುಕೊಂಡಿದ್ದರು.

ಆಕೆಗೂ ಪಿಂಚಣಿ ಮಾಡಿಸೋಣ ಎಂದು ಆಮೇಲೆ ನಾನು ಓಡಾಡಿದ್ದುಂಟು. ಅಸಂಘಟಿತ ಕಾರ್ಮಿಕರಿಗೆ ಶ್ರಮಯೋಗಿ ಮಾನಧನ ಎಂಬ ಯೋಜನೆಯಿದೆ, ಅರವತ್ತಾದ ಮೇಲೆ ತಿಂಗಳಿಗೆ 3,000 ರೂಪಾಯಿ. ಆದರೆ ಸೇರಲು ವಯಸ್ಸು ಹದಿನೆಂಟರಿಂದ ನಲವತ್ತರೊಳಗೆ ಇರಬೇಕು. ಅಟಲ್ ಪಿಂಚಣಿಗೂ ನಲವತ್ತೇ ಗಡಿ. ನಲವತ್ತು ವರ್ಷ ದುಡಿದವರಿಗೆ ವಯಸ್ಸು ನಲವತ್ತು ದಾಟಿರುವುದೇ ಅಡ್ಡಿ!

ಕೊನೆಗೆ ಅಂಚೆ ಕಚೇರಿಯಲ್ಲಿ ಆಕೆಯ ಹೆಸರಲ್ಲೇ ಒಂದು ಆರ್‌ಡಿ ತೆರೆಸಿದೆವು. ತಿಂಗಳಿಗೆ 500, ಸಂಬಳದ ಹೊರತು, ನಮ್ಮ ಕಡೆಯಿಂದ. ದೊಡ್ಡ ಮೊತ್ತವಲ್ಲ ಎಂದು ನನಗೂ ಗೊತ್ತು. ಪಾಸ್‌ಬುಕ್ಕನ್ನು ಆಕೆಯ ಕೈಗೆ ಕೊಟ್ಟಾಗ ಮೊದಲು ಕೊನೆಯ ಅಂಕಿ ಯಾವುದೆಂದು ನೋಡಿದರು.

“ಐದು ವರ್ಷ ತುಂಬಿದ ದಿನವೇ ಹೋಗಿ ತೆಗೀಬೇಕಾ ಸಾರ್?”

“ಬೇಡಮ್ಮ. ಆಮೇಲೆ ಯಾವತ್ತು ಬೇಕಾದ್ರೂ ಹೋಗು.”

“ಆದ್ರೂ ಆ ದಿನಾನೇ ಹೋಗ್ತೀನಿ ಬಿಡಿ” ಅಂದು ಪಾಸ್‌ಬುಕ್ಕನ್ನು ಸೆರಗಿನೊಳಗೆ ಇಟ್ಟುಕೊಂಡರು.