ಪಂಪಿನ ಬಲವೂ ಕೆರೆಯ ನೀರೂ

ದೇವನಹಳ್ಳಿಯ ವಿಮಾನ ನಿಲ್ದಾಣವು 2008ರ ಮೇ ತಿಂಗಳಲ್ಲಿ ಆರಂಭವಾಯಿತು. 2022ರ ಅಕ್ಟೋಬರಿನಲ್ಲಿ ಅಲ್ಲಿಗೆ ಎರಡಂತಸ್ತಿನ ಏರ್‌ಬಸ್ ಎ-380 ವಿಮಾನವೂ ಬರತೊಡಗಿತು. ಅಗ್ನಿರಕ್ಷಣೆಯ ಅಂತಾರಾಷ್ಟ್ರೀಯ ನಿಯಮಗಳಲ್ಲಿ ಈ ವಿಮಾನವು ಹತ್ತನೆಯ ವರ್ಗಕ್ಕೆ ಸೇರಿದುದು. ‘ಬಿ’ ದರ್ಜೆಯ ನೊರೆಯನ್ನು ಬಳಸುವುದಾದರೆ, ಆ ವರ್ಗಕ್ಕೆ 32,300 ಲೀಟರು ನೀರು ವಾಹನಗಳಲ್ಲಿ ಸಿದ್ಧವಿರಬೇಕು. ನಿಮಿಷಕ್ಕೆ 11,200 ಲೀಟರಿನಂತೆ ಅದು ಚಿಮ್ಮಬೇಕು. ರನ್‌ವೇಯ ಯಾವ ಭಾಗಕ್ಕಾದರೂ ಮೊದಲ ವಾಹನವು ಮೂರು ನಿಮಿಷಗಳೊಳಗೆ ತಲುಪಬೇಕು. ವಿಮಾನದ ಇಂಧನ ನೀರಿಗಿಂತ ಹಗುರವಾದುದು; ಬರಿಯ ನೀರೆರೆದರೆ ಅದರ ಮೇಲೆ ತೇಲಿ, ಉರಿಯುತ್ತಲೇ ಹರಡುವುದು. ಆದುದರಿಂದಲೇ ಈ ವಾಹನಗಳು ನೊರೆಯ ಹೊದಿಕೆಯಿಂದ ಬೆಂಕಿಗೆ ಗಾಳಿ ಸೋಕದಂತೆ ಮಾಡುತ್ತವೆ.

ಇಂಥ ಯಂತ್ರಗಳನ್ನು ಕಂಡು ಬೆರಗಾಗುವುದು ಸಹಜ. ಆದರೆ ವಿದ್ಯಾರ್ಥಿಗಳು ಒಂದು ಭಾಗಾಕಾರ ಮಾಡಿ ನೋಡಲಿ: ಅಷ್ಟು ನೀರೂ ಮೂರು ನಿಮಿಷ ತುಂಬುವ ಮೊದಲೇ ಮುಗಿಯುತ್ತದೆ! ಪಂಪು ಬಲವಾದಷ್ಟೂ ತೊಟ್ಟಿ ಬೇಗ ಬರಿದಾಗುವುದು. ಆದುದರಿಂದ ಪಂಪಿನ ಹಿಂದಿರುವ ನೀರಿನ ವಿಚಾರವೇ ಮುಖ್ಯವೆಂದು ನಾವು ಭಾವಿಸುತ್ತೇವೆ.

ದೊಡ್ಡಬಳ್ಳಾಪುರದ ವಿದ್ಯುತ್ ಮಗ್ಗಗಳ ನೂಲಿಗೋ, ಹೊಸಕೋಟೆಯ ಗೋದಾಮಿಗೋ, ನೆಲಮಂಗಲದ ಕಾರ್ಖಾನೆಗೋ ಬೆಂಕಿ ಬಿದ್ದಿತೆನ್ನೋಣ. 4,500 ಲೀಟರಿನ ತೊಟ್ಟಿಯೂ ನಿಮಿಷಕ್ಕೆ 2,250 ಲೀಟರು ನೂಕುವ ಪಂಪೂ ಉಳ್ಳ ವಾಹನವೊಂದು ಬಂದರೆ, ಪೂರ್ಣವೇಗದಲ್ಲಿ ಅದರ ನೀರು ಎರಡೇ ನಿಮಿಷಕ್ಕೆ ಸಾಕು. ಅಷ್ಟೇ ನೀರನ್ನು ಇಪ್ಪತ್ತು ನಿಮಿಷಕ್ಕೊಮ್ಮೆ ಲಾರಿಯೊಂದು ತಂದು ಸುರಿದರೂ, ಪಂಪಿಗೆ ದೊರೆಯುವುದು ಅದರ ಶಕ್ತಿಯ ಹತ್ತರಲ್ಲೊಂದು ಪಾಲು ಮಾತ್ರ.

ಕೊಳವೆಬಾವಿಯಿಂದ ವಾಹನವೇ ನೀರು ಹೀರಬಾರದೇಕೆ ಎಂದು ಯಾರಾದರೂ ಕೇಳಬಹುದು. ಪಂಪು ನೀರನ್ನು ಎಳೆಯುವುದಿಲ್ಲ. ಹೀರುಗೊಳವೆಯೊಳಗಿನ ಒತ್ತಡವನ್ನು ಅದು ತಗ್ಗಿಸಿದಾಗ, ಹೊರಗಿನ ವಾಯುಮಂಡಲವೇ ನೀರನ್ನು ಮೇಲಕ್ಕೊತ್ತುತ್ತದೆ. ಸಮುದ್ರಮಟ್ಟದಲ್ಲಿ ವಾಯುವಿನ ಒತ್ತಡವು 10.3 ಮೀಟರು ನೀರನ್ನು ಎತ್ತಬಲ್ಲುದು. ಸುಮಾರು 900 ಮೀಟರು ಎತ್ತರದಲ್ಲಿರುವ ದೇವನಹಳ್ಳಿಯಲ್ಲಿ ಅದು 9.3 ಮೀಟರಿಗೆ ಇಳಿಯುತ್ತದೆ. ಬಳಕೆಯಲ್ಲಿ ಏಳು ಮೀಟರು ದೊರೆತರೆ ಹೆಚ್ಚು. ಒಮ್ಮೆ ಒಳಹೊಕ್ಕ ನೀರನ್ನು ಹಲವು ಅಂತಸ್ತುಗಳ ಮೇಲಕ್ಕೆ ಎಸೆಯಬಲ್ಲ ಯಂತ್ರವೂ ಹತ್ತು ಮೀಟರು ಕೆಳಗಿನ ನೀರಿನ ಮುಂದೆ ನಿಸ್ಸಹಾಯಕ! ಈ ಜಿಲ್ಲೆಯ ಕೊಳವೆಬಾವಿಗಳೋ ನೂರಾರು ಅಡಿ ಆಳದವು.

ಜೀವನದಿಯಿಲ್ಲದ ಈ ಸೀಮೆಯಲ್ಲಿ ಹೊಸ ವಾಹನಗಳನ್ನು ಕೊಳ್ಳುವುದು ಯುಕ್ತವೇ. ಆದರೆ ಅಷ್ಟರಿಂದಲೇ ರಕ್ಷಣೆ ದೊರೆಯದು. ಕೆರೆಗಳ ಅಂಚಿನವರೆಗೆ ಭಾರದ ವಾಹನ ಇಳಿಯಬಲ್ಲ ಗಟ್ಟಿ ದಾರಿ ಬೇಕು. ಬೇಸಗೆಯಲ್ಲಿ ಕೆರೆ ಬತ್ತುವುದಿಲ್ಲವೆ ಎಂಬ ಆಕ್ಷೇಪ ನ್ಯಾಯವಾದುದೇ. ಅದಕ್ಕಾಗಿಯೇ ಪ್ರತಿ ಕೈಗಾರಿಕಾ ಪ್ರದೇಶದಲ್ಲಿಯೂ ಬೆಂಕಿಗೆಂದೇ ಮೀಸಲಾದ ನೆಲತೊಟ್ಟಿಯಿರಬೇಕೆಂಬುದು ನಮ್ಮ ಅಭಿಪ್ರಾಯ. ಹತ್ತು ಮೀಟರು ಉದ್ದ, ಐದು ಮೀಟರು ಅಗಲ, ಎರಡು ಮೀಟರು ಆಳದ ತೊಟ್ಟಿ ಒಂದು ಲಕ್ಷ ಲೀಟರು ಹಿಡಿಯುತ್ತದೆ. ಮೇಲೆ ಹೇಳಿದ ಪಂಪಿಗೆ ಅದು ನಲವತ್ತನಾಲ್ಕು ನಿಮಿಷಗಳ ನೀರು. ಎರಡು ನಿಮಿಷಗಳೆಲ್ಲಿ, ನಲವತ್ತನಾಲ್ಕೆಲ್ಲಿ!

ವಿದ್ಯಾರ್ಥಿಗಳು ತಮ್ಮ ಶಾಲೆಗೆ ಅತಿ ಸಮೀಪದ ನೀರು ಎಲ್ಲಿದೆ, ವಾಹನ ನಿಲ್ಲಬಹುದಾದ ನೆಲದಿಂದ ಅದು ಎಷ್ಟು ಕೆಳಗಿದೆ ಎಂಬುದನ್ನು ಹಿರಿಯರ ಜೊತೆ ಹೋಗಿ ಹಗ್ಗದಿಂದ ಅಳೆಯಲಿ. ಅಳತೆ ಏಳು ಮೀಟರು ಮೀರಿದರೆ, ಆ ಸಂಗತಿಯನ್ನು ಪಂಚಾಯತಿಗೆ ಬರೆದು ತಿಳಿಸಲಿ.